ಮಂಗಳವಾರದ ಐದು ಡಾಲರ್ ಟಿಕೆಟ್ಟು

ನಾನು ಡುಲೂತ್ ಊರಿನ ಹಿಮ ಗುಡಿಸುವ ಲಾರಿಯವನು,
ಸಿನಿಮಾ ಬಗ್ಗೆ ಓದಿದವನಲ್ಲ, ಬರೆದವನಂತೂ ಅಲ್ಲ.
ಮಂಗಳವಾರ ಟಿಕೆಟ್ಟಿಗೆ ಐದೇ ಡಾಲರು,
ಒಳಗೆ ಹೀಟರು ಕೆಲಸ ಮಾಡುತ್ತದೆ,
ಇಷ್ಟು ಕಾರಣ ಸಾಕು ನನಗೆ.

ಈ ಚಳಿಗಾಲ ನೋಡಿದ್ದು ಒಂಬತ್ತು.
ಎಲ್ಲವೂ ನಗೆಚಿತ್ರವೆಂದು ಪೋಸ್ಟರಿನಲ್ಲಿ ಬರೆದಿತ್ತು;
ಬರೆಯದಿದ್ದರೆ ಎರಡರ ವಿಷಯದಲ್ಲಿ
ನನಗೆ ಗೊತ್ತೇ ಆಗುತ್ತಿರಲಿಲ್ಲ.
ಪತ್ರಿಕೆಯವರು ಮೂಗು ಮುರಿದಿದ್ದರು. ಒಂದೂವರೆ ನಕ್ಷತ್ರ.
ಅರ್ಧ ನಕ್ಷತ್ರ ಹೇಗಿರುತ್ತದೋ ಕಾಣೆ,
ಬೆಳಗಿನ ಜಾವ ಮೂರಕ್ಕೆ ಲಾರಿ ಹತ್ತುವವನು,
ಕಂಡಿದ್ದರೆ ನಾನೇ ಕಾಣಬೇಕಿತ್ತು.

ಮೊದಲನೆಯದರಲ್ಲಿ ಇಬ್ಬರು ಅಳಿಯಂದಿರು
ಸತ್ತ ಮಾವನ ದೋಣಿ ಮಾರಲು ಹೊರಡುತ್ತಾರೆ.
ಮುಕ್ಕಾಲು ಗಂಟೆ ಬರೀ ಕೂಗಾಟ.
ಕೂಗಿದರೆ ನಗು ಬರುತ್ತದೆಂದು ಯಾರು ಹೇಳಿಕೊಟ್ಟರೋ!
ನಮ್ಮ ಡಿಪೋದ ವೆಂಡಲ್ ಸ್ಟ್ರಾಂಡ್
ಹದಿನೆಂಟು ವರ್ಷದಿಂದ ಕೂಗುತ್ತಿದ್ದಾನೆ,
ನಾನೊಮ್ಮೆಯೂ ನಕ್ಕಿಲ್ಲ.
ಆದರೆ ಮಾವ ಸತ್ತಿರುವುದಿಲ್ಲ, ದೋಣಿಯಲ್ಲೇ ಮಲಗಿರುತ್ತಾನೆ.
ಎದ್ದು ಕೂತವನು ಕಣ್ಣುಜ್ಜಿ ಕೇಳುವ ಮೊದಲ ಮಾತು:
‘ಎಷ್ಟಕ್ಕೆ ಕೊಟ್ಟಿರಿ?’
ಅಲ್ಲಿ ನಕ್ಕೆ. ಐದರಲ್ಲಿ ಮೂರು ಡಾಲರು ವಸೂಲಾಯಿತು.

ನಾಯಿ ಮೇಯರಾಗುವ ಚಿತ್ರವೂ ಬಂದಿತ್ತು.
ನಾಯಿ ಚೆನ್ನಾಗಿ ಮಾಡಿದೆ.
ಉಳಿದವರು ಅದರಿಂದ ಕಲಿಯಬಹುದಿತ್ತು,
ಸುಮ್ಮನೆ ನೋಡುವುದನ್ನು.

ಮದುವೆಯದು ಉಪ್ಪಿಲ್ಲದ ಸಾರು.
ನಾಯಕ ಸುಂದರಾಂಗ, ಅದೇ ತೊಂದರೆ,
ಜಾರಿ ಬೀಳುವಾಗಲೂ ಕೂದಲು ಕಾಯುತ್ತಾನೆ.
ಹೆಪ್ಪುಗಟ್ಟಿದ ರಸ್ತೆಯಲ್ಲಿ ಬಿದ್ದವರಿಗೆ ಗೊತ್ತು:
ಬೀಳುವ ಮುನ್ನ ಒಂದು ಕ್ಷಣ
ಮನುಷ್ಯ ತೀರಾ ಸಭ್ಯನಾಗಿಬಿಡುತ್ತಾನೆ,
ಏನೂ ಆಗಿಲ್ಲವೆಂಬಂತೆ ಕೋಟು ಎಳೆದುಕೊಳ್ಳುತ್ತಾನೆ.
ನಗು ಇರುವುದು ಅಲ್ಲಿ. ಬಿದ್ದ ಮೇಲೆ ನೋವು ಅಷ್ಟೆ.
ಅದರಲ್ಲೊಬ್ಬ ವೇಟರು, ಮಾತಿಲ್ಲ,
ಊಟದ ಮೇಜು ಮಗುಚಿ ಎಲ್ಲರೂ ಓಡಿದ ಮೇಲೆ
ನೆಲದ ಮೇಲೇ ಮಂಡಿಯೂರಿ
ಒಡೆದ ತಟ್ಟೆಯ ಬಲಕ್ಕೆ ಚಮಚ ನೇರ ಮಾಡಿಡುತ್ತಾನೆ.
ಯಾರೋ ಹೇಳಿ ಮಾಡಿಸಿದ್ದಲ್ಲ ಅದು, ಪಂದ್ಯ ಕಟ್ಟುತ್ತೇನೆ.
ಹೆಸರಿಗಾಗಿ ಕೊನೆಯವರೆಗೂ ಕಾದೆ,
ಗುಡಿಸುವವರು ಕಾಲೆತ್ತು ಎನ್ನುವವರೆಗೆ.
ನಾಲ್ಕನೆಯ ವೇಟರ್, ಓರಿನ್ ಪಾಸ್ಲೇ.
ಎಲ್ಲಿದ್ದೀಯೋ ಮಾರಾಯ, ನಿನಗೊಂದು ನಮಸ್ಕಾರ.

ಟಿಕೆಟ್ಟು ಹರಿಯುವ ಲೆಂಪಿ ಮುದುಕಿ
ಪ್ರತಿ ಸಲ ಕೇಳುತ್ತಾಳೆ, ಹೇಗಿತ್ತು?
ಪರವಾಗಿಲ್ಲ, ಅನ್ನುತ್ತೇನೆ.
ನಮ್ಮ ಕಡೆ ಹೊಗಳಿಕೆಯ ತುತ್ತತುದಿ ಅದು,
ಮೇಲೆ ಹತ್ತಿದರೆ ಜನ ಸಂಶಯಪಡುತ್ತಾರೆ.

ಒಂಬತ್ತನೆಯದರ ಕತೆ ಕೇಳಬೇಡಿ.
ಎರಡು ಸ್ನಾನದ ತೊಟ್ಟಿ, ಒಬ್ಬ ಪಾದ್ರಿ,
ಕಚಗುಳಿಯಿಟ್ಟುಕೊಂಡರೂ ನಗು ಬಾರದ ಮಾಲು.
ಆದರೆ ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದರು,
ನಗಬಾರದ ಕಡೆಯೆಲ್ಲ,
ಕೀಲು ಸಡಿಲಿದ ಪಂಪಿನ ಹಾಗೆ ಎಳೆದೆಳೆದು.
ಮೊದಲು ಸಿಟ್ಟು ಬಂತು. ಆಮೇಲೆ ಕಾಯತೊಡಗಿದೆ,
ಇನ್ನೇನು ನಗುತ್ತಾನೆ, ಈಗ, ಈಗ,
ಹೊಟ್ಟೆ ಹಿಡಿದುಕೊಂಡೆ.
ಇಡೀ ಹಾಲಿನಲ್ಲಿ ನಾವಿಬ್ಬರೇ, ತೆರೆಯ ಮೇಲೆ ಏನೇನೋ.

ದೀಪ ಬಂತು. ತಿರುಗಿದೆ. ವೆಂಡಲ್ ಸ್ಟ್ರಾಂಡ್.
ಮಡಿಲಲ್ಲಿ ಜೋಳದ ಪೊಟ್ಟಣ, ಕೆನ್ನೆ ಒದ್ದೆ.
ಇಬ್ಬರೂ ನಮ್ಮ ನಮ್ಮ ಬೂಟು ನೋಡಿಕೊಂಡೆವು.
ಲೆಂಪಿ ಕೇಳಿದಳು, ಹೇಗಿತ್ತು?
ಪರವಾಗಿಲ್ಲ, ಎಂದೆವು, ಒಟ್ಟಿಗೇ.

ಹೊರಗೆ ಅವನ ಕಾರು ಕಿಟಕಿಯವರೆಗೆ ಹಿಮದಲ್ಲಿ ಹೂತಿತ್ತು,
ನಮ್ಮದೇ ಲಾರಿಯೊಂದು ಆಗಷ್ಟೇ ಬೀದಿ ಗುಡಿಸಿ ಹೋಗಿದೆ.
ಆ ಬೀದಿಗೆ ಆ ಹೊತ್ತಿನ ಸರದಿ ಬರೆದವನು ಅವನೇ.
ಬಾಯಿ ತೆರೆದ. ಕೂಗುತ್ತಾನೆ ಅಂದುಕೊಂಡೆ.
ಟೊಪ್ಪಿ ಸರಿಮಾಡಿಕೊಂಡ, ನಿಧಾನ,
ಒಂದು ಗುಂಡಿ ಹಾಕಿಕೊಂಡ.

ಮುಖ ಆಚೆ ತಿರುಗಿಸಿ
ನಾನು ಸಲಿಕೆ ತರಲು ಹೋದೆ.